ಪುಸ್ತಕ ಮುಚ್ಚಿದ ಮೇಲೆ ಉಳಿಯುವುದು
(ಸುವರ್ಣ ಮಹೋತ್ಸವದಲ್ಲಿ ಹಿರಿಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ಬಿಇ ಮಾಡಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿರುವವನು ಕಂಪ್ಯೂಟರ್ ಬಗ್ಗೆ ಮಾತಾಡುತ್ತಾನೆ ಎಂದು ನೀವು ಅಂದುಕೊಂಡಿರಬಹುದು. ನಾನು ಮಾತಾಡುವುದು ಓದುವುದರ ಬಗ್ಗೆ. ಏಕೆಂದರೆ ನಾನು ಅದನ್ನು ಕಲಿತದ್ದು ಬಹಳ ತಡವಾಗಿ, ಪೆಟ್ಟು ತಿಂದ ಮೇಲೆ.

ಹತ್ತನೇ ತರಗತಿಯಲ್ಲಿ ನಾನು ಬೆಳಗಿನ ಜಾವ ಎದ್ದು ನೋಟ್ಸ್ ಉರು ಹೊಡೆಯುತ್ತಿದ್ದೆ. ಒಂದು ಪದ ಮರೆತರೆ ಇಡೀ ಉತ್ತರವೇ ನಿಂತುಹೋಗುತ್ತಿತ್ತು. ಆದರೂ ಒಳ್ಳೆಯ ಅಂಕ ಬಂತು, ಊರಲ್ಲಿ ಹೆಸರೂ ಬಂತು. ಬಿಇ ಮೊದಲ ಸೆಮಿಸ್ಟರ್‌ನಲ್ಲಿ ಮೂರು ವಿಷಯಗಳಲ್ಲಿ ಫೇಲಾದೆ. ರಾತ್ರಿಯಿಡೀ ಓದಿದ್ದೆ; ಪರೀಕ್ಷೆಯಲ್ಲಿ ತಲೆ ಖಾಲಿ. ಬಟ್ಟೆ ಕಟ್ಟಿಕೊಂಡು ಊರಿಗೆ ಹೊರಟಿದ್ದೆ. ಹಾಸ್ಟೆಲಿನ ಸೀನಿಯರ್ ಒಬ್ಬರು ನನ್ನ ಪುಸ್ತಕ ಮುಚ್ಚಿ, "ಈಗ ಓದಿದ್ದನ್ನ ನಿನ್ನ ಮಾತಲ್ಲಿ ಹೇಳು ನೋಡೋಣ" ಅಂದರು. ಒಂದು ವಾಕ್ಯವೂ ಬರಲಿಲ್ಲ. ನಾನು ಓದಿರಲೇ ಇಲ್ಲ, ಪುಟ ತಿರುವಿದ್ದೆ ಅಷ್ಟೆ.

ಆಗ ನೆನಪಾದವನು ಇದೇ ಶಾಲೆಯ ನನ್ನ ಗೆಳೆಯ. ಕೊನೆಯ ಬೆಂಚಿನವನು. "ನಿನ್ನ ತಲೇಲಿ ಏನೂ ನಿಲ್ಲಲ್ಲ" ಅನ್ನಿಸಿಕೊಂಡು, ಎಸ್ಸೆಸ್ಸೆಲ್ಸಿ ಫೇಲಾಗಿ, ಓದು ಬಿಟ್ಟ. ಅದೇ ಹುಡುಗನಿಗೆ ಊರ ಹಬ್ಬದ 'ಕುರುಕ್ಷೇತ್ರ' ನಾಟಕದಲ್ಲಿ ತನ್ನ ಪಾತ್ರವಷ್ಟೇ ಅಲ್ಲ, ಕರ್ಣನ ಮಾತು, ದುರ್ಯೋಧನನ ಮಾತು, ಎಲ್ಲವೂ ಬಾಯಲ್ಲಿತ್ತು! ತಲೆ ಚೆನ್ನಾಗಿಯೇ ಇತ್ತು. ನಾಟಕದ ಮೇಷ್ಟ್ರು ಕಲಿಸಿದ ಹಾಗೆ ಪಾಠ ಓದುವುದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ, ನನಗೂ ಕಲಿಸಿರಲಿಲ್ಲ.

ನಾಟಕದ ಮೇಷ್ಟ್ರು ಏನು ಮಾಡುತ್ತಿದ್ದರು? ಮೊದಲು ಕಥೆ ಹೇಳುತ್ತಿದ್ದರು. ಈ ಮಾತನ್ನು ಕರ್ಣ ಯಾಕೆ ಆಡುತ್ತಾನೆ ಎಂದು ಕೇಳುತ್ತಿದ್ದರು. ಆಮೇಲೆ ಪುಸ್ತಕ ಕಿತ್ತುಕೊಂಡು "ಹೇಳು" ಅನ್ನುತ್ತಿದ್ದರು. ತಪ್ಪಿದರೆ ತಿದ್ದಿ, ಮರುದಿನ ರಾತ್ರಿ ಮತ್ತೆ ಹೇಳಿಸುತ್ತಿದ್ದರು. ಓದುವ ದಾರಿಯೂ ಇಷ್ಟೇ.

ನಮ್ಮ ವಾಣಿವಿಲಾಸ ಸಾಗರದ ಬಗ್ಗೆಯೇ ಒಂದು ಪಾಠವಿದೆ ಎಂದುಕೊಳ್ಳಿ. ಓದುವ ಮೊದಲು ಶೀರ್ಷಿಕೆ, ಚಿತ್ರ, ಕೊನೆಯ ಪ್ರಶ್ನೆಗಳನ್ನು ನೋಡಿ. ಈ ಬರದ ಸೀಮೆಯಲ್ಲಿ ಇಷ್ಟು ದೊಡ್ಡ ಅಣೆಕಟ್ಟು ಯಾಕೆ? ನೀರು ಎಲ್ಲಿಂದ ಬರುತ್ತದೆ? ಹೀಗೆ ಎರಡು ಪ್ರಶ್ನೆ ಬರೆದಿಟ್ಟುಕೊಂಡರೆ, ಉತ್ತರ ಹುಡುಕುವ ಕಣ್ಣಿನಿಂದ ಓದುತ್ತೀರಿ.

ಓದುವಾಗ ಪ್ಯಾರಾ ಮುಗಿದ ಕೂಡಲೇ ನಿಲ್ಲಿ. ನಿಮ್ಮ ಮಾತಿನಲ್ಲಿ ಒಂದು ವಾಕ್ಯ ಹೇಳಿ. ಅರ್ಥವಾಗದ ಪದಕ್ಕೆ ಗೆರೆ ಎಳೆದು ಮೇಷ್ಟ್ರನ್ನು ಕೇಳಿ, ನಾಚಿಕೆ ಬೇಡ. ಚಿತ್ರ ಬರೆಯಿರಿ: ಬಾಬಾಬುಡನ್ ಗಿರಿಯ ಕಡೆಯಿಂದ ಬರುವ ವೇದಾವತಿ, ಹೊಸದುರ್ಗ ತಾಲ್ಲೂಕು, ಮಾರಿಕಣಿವೆಯ ಎರಡು ಗುಡ್ಡ, ನಡುವೆ ಕಟ್ಟೆ, ಕೆಳಗೆ ಹಿರಿಯೂರಿನ ತೋಟಗಳು. 1907 ಎಂಬ ಇಸವಿ ಒಂಟಿಯಾಗಿದ್ದರೆ ಮರೆಯುತ್ತದೆ. 1933ರಲ್ಲಿ ಕೋಡಿ ಬಿದ್ದ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, ಅದನ್ನು ನೋಡಲು ಜನ ಜಾತ್ರೆಯಂತೆ ಸೇರಿದ್ದರು ಎಂಬುದರ ಜೊತೆ ಕಟ್ಟಿಟ್ಟರೆ ಉಳಿಯುತ್ತದೆ. ಗೊತ್ತಿರುವುದಕ್ಕೆ ಹೊಸದನ್ನು ಗಂಟು ಹಾಕಬೇಕು.

ಓದಿದ ಮೇಲೆ ಪುಸ್ತಕ ಮುಚ್ಚಿ, ನೆನಪಿದ್ದಷ್ಟು ಬರೆಯಿರಿ. ಇದೇ ಮುಖ್ಯ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಪಾಠವನ್ನು ಎರಡು ಬಾರಿ ಓದಿಸಿದರು. ಇನ್ನೊಂದನ್ನು ಒಮ್ಮೆ ಓದಿಸಿ, ನೋಡದೆ ಬರೆಸಿದರು. ಐದು ನಿಮಿಷದ ನಂತರ ಕೇಳಿದಾಗ ಎರಡು ಬಾರಿ ಓದಿದ್ದೇ ಹೆಚ್ಚು ನೆನಪಿತ್ತು. ವಾರದ ನಂತರ ಕೇಳಿದಾಗ ಅದು ಶೇ 42ಕ್ಕೆ ಇಳಿದಿತ್ತು. ನೋಡದೆ ಬರೆದದ್ದು ಶೇ 56ರಷ್ಟು ಉಳಿದಿತ್ತು. ಮತ್ತೆ ಮತ್ತೆ ಓದಿದಾಗ 'ನನಗೆ ಬರುತ್ತೆ' ಅನ್ನಿಸುತ್ತದೆ. ಆ ಅನ್ನಿಸಿಕೆಯೇ ನನ್ನನ್ನು ಮುಳುಗಿಸಿದ್ದು.

ಕೊನೆಯದು, ಬಿಡುವು ಕೊಟ್ಟು ತಿರುಗಿ ನೋಡುವುದು. ಕಲಿತದ್ದರಲ್ಲಿ ಬಹುಪಾಲು ಮೊದಲ ದಿನಗಳಲ್ಲೇ ಸೋರಿಹೋಗುತ್ತದೆ ಎಂದು ಜರ್ಮನಿಯ ಎಬ್ಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದರು. ಆದ್ದರಿಂದ ಮರುದಿನ, ಮೂರು ದಿನ ಬಿಟ್ಟು, ವಾರ ಬಿಟ್ಟು, ಹತ್ತು ಹತ್ತು ನಿಮಿಷ ನೆನಪು ಮಾಡಿಕೊಳ್ಳಿ. ಪರೀಕ್ಷೆಯ ಹಿಂದಿನ ರಾತ್ರಿಯ ನಿದ್ದೆಗೆಡುವುದಕ್ಕಿಂತ ಇದು ಸುಲಭ. ನಾನು ಆ ಮೂರೂ ವಿಷಯಗಳನ್ನು ಪಾಸು ಮಾಡಿದ್ದು ಹೀಗೆಯೇ.

ಉರು ಹೊಡೆಯುವುದೇ ತಪ್ಪು ಎಂದು ಹೇಳುತ್ತಿಲ್ಲ. ಮಗ್ಗಿ, ಪದ್ಯ, ಸೂತ್ರ ಬಾಯಿಪಾಠ ಇರಲಿ. ಅರ್ಥ ಮೊದಲು ಬರಲಿ.

ಗುರುಗಳಲ್ಲಿ ಒಂದು ವಿನಂತಿ. ಪಿರಿಯಡ್ಡಿನ ಕೊನೆಯ ಐದು ನಿಮಿಷ ಪುಸ್ತಕ ಮುಚ್ಚಿಸಿ, ಮಕ್ಕಳಿಂದ ಮೂರು ವಾಕ್ಯ ಬರೆಸಿ. ಅದಕ್ಕೆ ಅಂಕ ಬೇಡ. ತಾಯಂದಿರೇ, ತಂದೆಯರೇ, "ಓದಿದ್ಯಾ?" ಎಂದು ಕೇಳಬೇಡಿ. "ಇವತ್ತು ಏನು ಓದ್ದೆ, ನನಗೂ ಹೇಳು" ಅನ್ನಿ. ಇದಕ್ಕೆ ನಿಮಗೆ ಅಕ್ಷರ ಬರಬೇಕಾಗಿಲ್ಲ. ಅರ್ಥವಾಗದಿದ್ದರೆ ಮತ್ತೆ ಕೇಳಿ. ಮಗುವಿಗೆ ಅದೇ ದೊಡ್ಡ ಟ್ಯೂಷನ್.

ಆ ನನ್ನ ಗೆಳೆಯ ಈಗ ಮೂರನೇ ಸಾಲಿನಲ್ಲಿ ಕೂತಿದ್ದಾನೆ. ಅವನ ಮಗಳು ಇಲ್ಲೇ ಎಂಟನೇ ತರಗತಿ. ಅವಳಿಗೆ ಯಾರೂ ಆ ಮಾತು ಹೇಳದಿರಲಿ. ಈ ಶಾಲೆಯ ಮುಂದಿನ ಐವತ್ತು ವರ್ಷಗಳಿಗೆ ನಾನು ಬೇಡಿಕೊಳ್ಳುವುದು ಇದನ್ನೇ.