ಮೆಂತೆರಿ ಮತ್ತು ಮಂತ್ರಿ

ನಮ್ಮ 'ಮಂತ್ರಿ' ಶಬ್ದವು ಕಡಲು ದಾಟಿ ಹೋಗಿ ಇಂಡೊನೇಷ್ಯದಲ್ಲಿ ಎರಡು ರೂಪಗಳನ್ನು ತಳೆದಿದೆ. ಅಲ್ಲಿ 'ಮೆಂತೆರಿ' ಎಂದರೆ ಸರ್ಕಾರದ ಸಚಿವ. 'ಮಂತ್ರಿ' ಎಂದರೆ ಹಳ್ಳಿಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟಿ ಸೂಜಿಮದ್ದು ಕೊಡುವ ವೈದ್ಯ ಸಹಾಯಕ. ಒಂದೇ ಬೇರಿನಿಂದ ಒಡೆದ ಈ ಎರಡು ಕವಲುಗಳನ್ನು ಒಂದೇ ಕೆಲಸಕ್ಕೆ ಹೂಡಲು ಶ್ರಮಿಸಿದವರು ಡಾಕ್ಟರ್ ಯೊಹಾನೆಸ್ ಲೈಮೆನಾ. ಅವರ ವಿಷಯವಾಗಿ ಕೇಳುಗರೊಡನೆ ನಾಲ್ಕು ಮಾತು ಆಡಬೇಕೆಂದಿದ್ದೇನೆ.

ಲೈಮೆನಾ ಹುಟ್ಟಿದ್ದು 1905ರಲ್ಲಿ, ಅಂಬೋನ್ ದ್ವೀಪದಲ್ಲಿ. ಬತೇವಿಯಾ ನಗರದಲ್ಲಿ ವೈದ್ಯಶಾಸ್ತ್ರವನ್ನು ಓದಿ, 1930ರ ದಶಕದಲ್ಲಿ ಬಾಂಡುಂಗ್ ಪಟ್ಟಣದ ಮಿಷನ್ ಆಸ್ಪತ್ರೆಯಲ್ಲಿ ದುಡಿದರು. ವಿದ್ಯಾರ್ಥಿದೆಸೆಯಲ್ಲಿಯೇ ಅವರಿಗೆ ನಾಡಿನ ಚಿಂತೆ ಹತ್ತಿತ್ತು. 1928ರ ಯುವಜನ ಮಹಾಸಭೆಯಲ್ಲಿ ಅವರೂ ಇದ್ದರು. 1945ರಲ್ಲಿ ನಾಡು ಸ್ವಾತಂತ್ರ್ಯವನ್ನು ಸಾರಿದ ಮೇಲೆ ರಾಜಕಾರಣಕ್ಕಿಳಿದು, ಡಚ್ಚರೊಡನೆ ನಡೆದ ಸಂಧಾನಗಳಲ್ಲಿ ಪಾಲ್ಗೊಂಡರು. 1947ರಿಂದ 1956ರವರೆಗೆ, ನಡುನಡುವೆ ಬಿಡುವಿದ್ದರೂ, ಹಲವು ಸಂಪುಟಗಳಲ್ಲಿ ಆರೋಗ್ಯ ಸಚಿವರಾಗಿದ್ದರು.

ಅವರ ಕೈಗೆ ಬಂದ ಬಂಡವಾಳವಾದರೂ ಎಷ್ಟು? 7 ಕೋಟಿಗೂ ಮೀರಿದ ಜನಕ್ಕೆ ಸುಮಾರು 1,200 ವೈದ್ಯರು. ಎಂದರೆ 60,000 ಜನಕ್ಕೆ ಒಬ್ಬರ ಲೆಕ್ಕ. ಆ ಒಬ್ಬರೂ ಬಹುಮಟ್ಟಿಗೆ ಪಟ್ಟಣವಾಸಿ. ಇಂಥ ಹೊತ್ತಿನಲ್ಲಿ ಸಚಿವನಾದವನು ಏನು ಮಾಡಬೇಕು? ರಾಜಧಾನಿಯಲ್ಲಿ ದೊಡ್ಡ ಆಸ್ಪತ್ರೆ ಕಟ್ಟಿಸಿದರೆ ಹೆಸರು ಬರುತ್ತದೆ. ಆದರೆ ಕೊಳಕು ನೀರು ಕುಡಿದು ಬೇನೆಬಿದ್ದವನನ್ನು ಆಸ್ಪತ್ರೆ ಗುಣಪಡಿಸಿ ಕಳುಹಿಸಿದರೆ, ಅವನು ಮತ್ತೆ ಅದೇ ನೀರಿಗೇ ಮರಳುವನಷ್ಟೆ!

ನಮ್ಮ ಆಯುರ್ವೇದವೂ ವೈದ್ಯನಿಗೆ ಎರಡು ಕೆಲಸಗಳನ್ನು ಹೇಳಿದೆ: ಆರೋಗ್ಯವಂತನ ಆರೋಗ್ಯವನ್ನು ಕಾಯುವುದು, ರೋಗಿಯ ರೋಗವನ್ನು ಕಳೆಯುವುದು. ಆಡಳಿತದ ಕಡತಗಳಲ್ಲಿ ಇವೆರಡೂ ಬೇರೆ ಬೇರೆ ಮನೆಗಳಾಗಿ ಹೋಗಿದ್ದುವು. 1951ರಲ್ಲಿ ಲೈಮೆನಾ ಅವರು ತಂದ 'ಬಾಂಡುಂಗ್ ಯೋಜನೆ' ಈ ಎರಡು ಮನೆಗಳ ನಡುವಣ ಗೋಡೆಯನ್ನು ಕೆಡವಲೆತ್ನಿಸಿತು. ಚಿಕಿತ್ಸೆ, ನೈರ್ಮಲ್ಯ, ತಾಯಿಮಕ್ಕಳ ಆರೈಕೆ ಎಲ್ಲವೂ ಒಂದೇ ಆಡಳಿತದ ಕೆಳಗೆ, ಹಳ್ಳಿಗೆ ಎಟಕುವಂತೆ ಇರಬೇಕೆಂಬುದೇ ಅದರ ತಿರುಳು. ನಮ್ಮ ದೇಶದಲ್ಲಿ 1946ರ ಭೋರ್ ಸಮಿತಿ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ.

ಇದಕ್ಕೆ ಪೂರ್ವಸಿದ್ಧತೆಯೂ ಇತ್ತೆನ್ನಬೇಕು. ರಾಕ್‌ಫೆಲರ್ ಪ್ರತಿಷ್ಠಾನದ ಡಾಕ್ಟರ್ ಹೈಡ್ರಿಕ್ ಅವರು 1930ರ ದಶಕದಲ್ಲಿ ಜಾವಾದ ಪುರ್ವೊಕೆರ್ತೊದಲ್ಲಿ ಮಂತ್ರಿಗಳನ್ನು ತರಬೇತುಗೊಳಿಸಿ, ಮನೆಮನೆಗೆ ಕಳುಹಿಸಿ, ಶೌಚದ ಪಾಠ ಹೇಳಿಸಿದ್ದರು. ಅದೇ ಪ್ರತಿಷ್ಠಾನದ ನೆರವಿನಿಂದ ಆ ಕಾಲದಲ್ಲಿ ನಮ್ಮ ಮೈಸೂರು ಸಂಸ್ಥಾನದ ಮಂಡ್ಯದಲ್ಲಿಯೂ ಗ್ರಾಮಾರೋಗ್ಯ ಘಟಕವೊಂದು ನಡೆಯುತ್ತಿತ್ತು.

ಕಾಲಾಳುಗಳ ಬಲವೇನೆಂಬುದನ್ನು 'ಯಾಸ್' ರೋಗದ ವಿರುದ್ಧ ನಡೆದ ಹೋರಾಟ ತೋರಿಸಿತು. ಹುಣ್ಣಾಗಿ ತೊಡಗಿ ಮೂಳೆಯನ್ನೂ ಕೆಡಿಸುವ ಈ ರೋಗ ಪೆನಿಸಿಲಿನ್ ಸೂಜಿಮದ್ದಿಗೆ ಮಣಿಯುತ್ತದೆ. 1950ರಿಂದ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯೂನಿಸೆಫ್ ನೆರವಿನೊಡನೆ, ಡಾಕ್ಟರ್ ಕೊಡಿಯಾತ್ ಅವರ ಕ್ರಮದಂತೆ, ತರಬೇತಾದ ಸಹಾಯಕರು ಮನೆಮನೆಗೆ ಹೋಗಿ ರೋಗಿಗಳನ್ನು ಹುಡುಕಿದರು. ವೈದ್ಯರಿಗಾಗಿ ಕಾದು ಕುಳಿತಿದ್ದರೆ ಲಕ್ಷಾಂತರ ಜನರಿಗೆ ಆ ಮದ್ದು ಎಂದು ಮುಟ್ಟುತ್ತಿತ್ತು?

ಆದರೂ ಬಾಂಡುಂಗ್ ಯೋಜನೆ ನಾಡೆಲ್ಲ ಹಬ್ಬಲಿಲ್ಲ. ಬೊಕ್ಕಸದಲ್ಲಿ ಹಣವಿರಲಿಲ್ಲ, ದ್ವೀಪದ್ವೀಪಗಳಲ್ಲಿ ದಂಗೆ, ಸಂಪುಟಗಳು ಬೀಳುತ್ತಲೇ ಇದ್ದುವು. ಲೈಮೆನಾ 1966ರಲ್ಲಿ ಸಂಪುಟದಿಂದ ಹೊರಬಂದರು. 1968ರಲ್ಲಿ ಬೇರೆಯವರ ಆಡಳಿತ ಅದೇ ಹಾದಿಯಲ್ಲಿ 'ಪುಸ್ಕೆಸ್ಮಾಸ್' ಎಂಬ ಜನಾರೋಗ್ಯ ಕೇಂದ್ರಗಳನ್ನು ತೆರೆಯತೊಡಗಿತು. ಇಂದು ಅಂಥ ಕೇಂದ್ರಗಳು 10,000ಕ್ಕೂ ಹೆಚ್ಚು. ಲೈಮೆನಾ 1977ರಲ್ಲಿ ತೀರಿಕೊಂಡರು. 2010ರಲ್ಲಿ ನಾಡು ಅವರನ್ನು ರಾಷ್ಟ್ರವೀರರೆಂದು ಗೌರವಿಸಿತು.

ಬಿತ್ತಿದವನೇ ಬೆಳೆ ಕೊಯ್ಯಬೇಕೆಂಬ ನಿಯಮವಿಲ್ಲ. ಆರೋಗ್ಯದ ಯೋಜನೆಗಳಿಗಂತೂ ಒಂದು ಸಂಪುಟದ ಆಯುಸ್ಸು ಸಾಲದು. ಮುಂದಿನವರು ಯಾವ ಪಕ್ಷದವರೇ ಆಗಲಿ, ಹಿಂದಿನವರು ಹಾಕಿದ ಒಳ್ಳೆಯ ಅಡಿಪಾಯವನ್ನು ಕಿತ್ತೆಸೆಯದೆ ಅದರ ಮೇಲೆ ಕಟ್ಟುವ ವಿವೇಕ ತೋರಿದರೆ, ಅದರ ಫಲ ಹಳ್ಳಿಯ ಕೊನೆಯ ಮನೆಯ ಬಾಣಂತಿಗೂ ಮುಟ್ಟುತ್ತದೆ.