ಅಂಗಡಿಯ ಹೆಸರು, ದೀಪದ ಅಕ್ಷರ

ಶಾಲೆಯಲ್ಲಿ ಸಂಧಿ ಸಮಾಸ ಹೇಳಿಕೊಡುವ ಕನ್ನಡ ಮೇಷ್ಟರಿಗೂ, ಪೇಟೆಬೀದಿಯ ಅಂಗಡಿಗಳ ಮೇಲೆ ಉರಿಯುವ ದೀಪದ ಬೋರ್ಡುಗಳಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಒಂದು ವರ್ಷದ ಹಿಂದೆ ನನ್ನನ್ನು ಕೇಳಿದ್ದರೆ, ಯಾವ ಸಂಬಂಧವೂ ಇಲ್ಲವೆಂದೇ ಹೇಳಿಬಿಡುತ್ತಿದ್ದೆ. ಸಂಬಂಧ ಉಂಟೆಂದು ನನಗೆ ತೋರಿಸಿಕೊಟ್ಟವನು ನನ್ನ ಹಳೆಯ ವಿದ್ಯಾರ್ಥಿ.

ಅವನು ತಾತನ ಕಾಲದ ಜಮೀನಿನಲ್ಲಿ ಒಂದು ತುಂಡು ಮಾರಿ, ನಮ್ಮ ಊರಿನ ಬಸ್ ನಿಲ್ದಾಣದ ಎದುರಿಗೆ ದಿನಸಿ ವ್ಯಾಪಾರ ಪ್ರಾರಂಭಿಸಿದ್ದ. ಹೆಸರು ಧನಲಕ್ಷ್ಮಿ ಪ್ರಾವಿಜನ್ ಸ್ಟೋರ್ಸ್. ಊರೂರಿನಲ್ಲಿಯೂ ಒಂದೊಂದು ಇರುವಂಥ ಹೆಸರು. ಆರಿಸಿದವರು ಅವನ ತಾಯಿ. ಒಂದು ಸಂಜೆ ಮನೆಗೆ ಬಂದು, "ಮೇಷ್ಟ್ರೇ, ಸ್ವಲ್ಪ ಅಂಗಡಿ ಹತ್ತಿರ ಬನ್ನಿ. ನಾನು ಹೇಳುವುದಕ್ಕಿಂತ ನೀವೇ ನೋಡುವುದು ಲೇಸು" ಎಂದ. ಹೋದೆ. ಹಗಲಿನಲ್ಲಿ ಬೋರ್ಡು ಲಕ್ಷಣವಾಗಿಯೇ ಇತ್ತು. ಕತ್ತಲಾದ ಮೇಲೆ ಗುಂಡಿ ಒತ್ತಿದ. ಅಕ್ಷರಗಳು ಕೆಂಪಗೆ ಹೊತ್ತಿಕೊಂಡವು. ಆದರೆ ಧಕಾರದ ಕೆಳಗಿನ ಸೀಳು ಮಾತ್ರ ಹೊತ್ತಲಿಲ್ಲ. ಹಗಲು ಧನಲಕ್ಷ್ಮಿಯಾಗಿದ್ದವಳು ರಾತ್ರಿ ದನಲಕ್ಷ್ಮಿಯಾಗಿದ್ದಳು!

ಮನೆಪಾಠ ಮುಗಿಸಿ ಬರುವ ಹುಡುಗರು ಅಂಗಡಿಯ ಮುಂದೆ 'ಅಂಬಾ' ಎಂದು ಕೂಗಿ ಓಡಿಹೋಗುತ್ತಾರಂತೆ. ಅವರೆಲ್ಲ ನನ್ನ ಶಿಷ್ಯರೇ. ಅಲ್ಪಪ್ರಾಣ ಮಹಾಪ್ರಾಣಗಳ ಭೇದ ಇಷ್ಟು ಚೆನ್ನಾಗಿ ತಲೆಗೆ ಹತ್ತಿದೆಯಲ್ಲ ಎಂದು ನನಗೆ ಒಳಗೊಳಗೆ ಸಂತೋಷವಾಯಿತು. ಆದರೆ ಇವನ ಮುಖ ನೋಡಿ ನಗಲಾರದೆ ಹೋದೆ. "ಅಮ್ಮ ಆ ದೀಪ ಹಾಕಲೇಬೇಡ ಅಂತಾಳೆ, ಮೇಷ್ಟ್ರೇ. ಮೂರು ತಿಂಗಳ ಬಾಡಿಗೆಯಷ್ಟು ದುಡ್ಡು ಇದಕ್ಕೆ ಸುರಿದಿದ್ದೇನೆ" ಎಂದ. ಸಂಜೆಯ ವ್ಯಾಪಾರವನ್ನೇ ನಂಬಿದ ಅಂಗಡಿಗೆ ಸಂಜೆಯ ಹೊತ್ತಿಗೇ ಹೆಸರಿಲ್ಲದಂತಾಗಿತ್ತು.

ಬೋರ್ಡು ಮಾಡಿದಾತನನ್ನು ವಿಚಾರಿಸಿದೆವು. "ಅಷ್ಟು ಸಣ್ಣ ಜಾಗದಲ್ಲಿ ಎಲ್‌ಇಡಿ ಕೂರುವುದಿಲ್ಲ, ಸಾರ್" ಎಂದು ಆತ ಹೇಳಿದ. ಸುಳ್ಳು ಹೇಳಲಿಲ್ಲ. ಆದರೆ ಈ ಮಾತು ಬೋರ್ಡು ಮಾಡುವ ಮೊದಲು ಹೊರಡಬೇಕಾಗಿತ್ತು. ಅಂದಿನಿಂದ ನಾನು ಈ ಕಸುಬಿನವರ ಹಿಂದೆ ಮುಂದೆ ತಿರುಗಿ ಒಂದಿಷ್ಟು ವಿಷಯ ತಿಳಿದುಕೊಂಡೆ. ನಿಮ್ಮಲ್ಲಿ ಅಂಗಡಿಯಿಟ್ಟವರೂ ಇಡಬೇಕೆನ್ನುವವರೂ ಇದ್ದೀರಿ. ನಿಮಗೆ ಅದು ಉಪಯೋಗವಾದೀತು.

ಹಿಂದೆ ಬೋರ್ಡು ಬರೆಯುವವರು ಕುಂಚ ಹಿಡಿದು ತಗಡಿನ ಮೇಲೆ ಅಕ್ಷರ ಬರೆಯುತ್ತಿದ್ದರು. ಕುಂಚಕ್ಕೆ ಒತ್ತೂ ಒಂದೇ, ಕೊಂಬೂ ಒಂದೇ. ಎಲ್ಲಿಗೆ ಬೇಕಾದರೂ ಹೋಗಬಲ್ಲದು. ದೀಪಕ್ಕೆ ಆ ಸ್ವಾತಂತ್ರ್ಯವಿಲ್ಲ. 1910ರಲ್ಲಿ ಪ್ಯಾರಿಸ್ಸಿನ ಮೋಟಾರು ಪ್ರದರ್ಶನದಲ್ಲಿ ಜಾರ್ಜ್ ಕ್ಲೋಡ್ ಎಂಬಾತ ನಿಯಾನ್ ಅನಿಲ ತುಂಬಿದ ಗಾಜಿನ ಕೊಳವೆಯನ್ನು ಬೆಳಗಿಸಿ ತೋರಿಸಿದ. ಆ ಕೊಳವೆಯನ್ನು ಕಾಯಿಸಿ ಬಗ್ಗಿಸಿ ಅಕ್ಷರ ಮಾಡುವ ವಿದ್ಯೆ ಲೋಕದಲ್ಲೆಲ್ಲ ಹಬ್ಬಿತು. ಅದಕ್ಕೆ ಸಾವಿರಾರು ವೋಲ್ಟಿನ ವಿದ್ಯುತ್ತು ಬೇಕು. ಗಾಜು ಒಡೆಯುವ ಭಯ ಬೇರೆ. ಈಗ ನಿಯಾನ್ ಎಂದು ಮಾರುವುದರಲ್ಲಿ ಬಹುಪಾಲು ಸಿಲಿಕೋನ್ ಕೊಳವೆಯೊಳಗೆ ಎಲ್‌ಇಡಿ ಪಟ್ಟಿ ಇಟ್ಟದ್ದು. ಸಾಮಾನ್ಯವಾಗಿ 12 ವೋಲ್ಟಿನಲ್ಲಿ ನಡೆಯುತ್ತದೆ. ನೀಲಿ ಎಲ್‌ಇಡಿಯನ್ನು ಸಾಧಿಸಿದ ಮೂವರು ವಿಜ್ಞಾನಿಗಳಿಗೆ 2014ರಲ್ಲಿ ನೊಬೆಲ್ ಬಹುಮಾನ ಬಂತು. ಬಿಳಿಯ ಎಲ್‌ಇಡಿ ಹುಟ್ಟಿದ್ದು ಆ ನೀಲಿಯಿಂದಲೇ. ಇಂದು ನಮ್ಮ ಸಣ್ಣ ಪೇಟೆಯ ಅಂಗಡಿಯವನೂ ದೀಪದಕ್ಷರ ಹಾಕಿಸಬಲ್ಲನಾದರೆ ಅದು ಆ ಶೋಧನೆಯ ಫಲ.

ಈಗ ಅಂಗಡಿಗೆ ಸಿಕ್ಕುವ ಬಗೆಗಳನ್ನು ನೋಡೋಣ. ಮುಖ್ಯವಾದವು ಮೂರು.

ಮೊದಲನೆಯದು ಬಿಡಿ ಅಕ್ಷರ. ಒಂದೊಂದು ಅಕ್ಷರವೂ ಒಂದೊಂದು ಡಬ್ಬಿ. ಸುತ್ತ ಲೋಹದ ಗೋಡೆ, ಒಳಗೆ ಎಲ್‌ಇಡಿಗಳು, ಮುಂದೆ ಹಾಲಿನ ಬಣ್ಣದ ಅಥವಾ ಕೆಂಪು ಹಳದಿಯ ಅಕ್ರಿಲಿಕ್ ಹಾಳೆ. ನನ್ನ ಶಿಷ್ಯ ಹಾಕಿಸಿದ್ದು ಇದನ್ನೇ. ಎರಡನೆಯದರಲ್ಲಿ ಅಕ್ಷರದ ಮುಖ ಉಕ್ಕಿನದೋ ಹಿತ್ತಾಳೆ ಬಣ್ಣದ್ದೋ ಆಗಿದ್ದು, ಬೆಳಕು ಅದರ ಬೆನ್ನಿನಿಂದ ಹೊರಟು ಗೋಡೆಯ ಮೇಲೆ ಪ್ರಭಾವಳಿಯಂತೆ ಹರಡುತ್ತದೆ. ಒಡವೆಯ ಅಂಗಡಿಗಳಲ್ಲಿ ನೀವು ನೋಡಿರುತ್ತೀರಿ. ಇದು ಸೊಗಸು, ಆದರೆ ಗೋಡೆ ನುಣುಪಾಗಿ, ತಿಳಿಬಣ್ಣದ್ದಾಗಿ ಇರಬೇಕು, ಬೀದಿಯ ಬೇರೆ ದೀಪಗಳ ಅಬ್ಬರವಿರಬಾರದು. ಮೂರನೆಯದು ದೀಪದ ಪೆಟ್ಟಿಗೆ. ಇಡೀ ಬೋರ್ಡೇ ಒಂದು ಪೆಟ್ಟಿಗೆ. ಒಳಗಿನ ಬೆಳಕು ಎಲ್ಲ ಅಕ್ಷರಕ್ಕೂ ಸಾಮಾನ್ಯ. ಹಿಂದೆ ಇದರ ಮುಖಕ್ಕೆ ಫ್ಲೆಕ್ಸ್ ಬಿಗಿಯುತ್ತಿದ್ದರು. ನಮ್ಮ ರಾಜ್ಯ ಸರ್ಕಾರ 2016ರಲ್ಲಿ ಹೊರಡಿಸಿದ ಪ್ಲಾಸ್ಟಿಕ್ ನಿಷೇಧದ ಆಜ್ಞೆಯಲ್ಲಿ ಫ್ಲೆಕ್ಸ್ ಕೂಡ ಸೇರಿದೆ. ಅಗ್ಗವೆಂದು ಅದರ ಕಡೆ ತಿರುಗಬೇಡಿ. ಫ್ಲೆಕ್ಸಿನ ಬದಲು ಲೋಹದ ಹಾಳೆಯಲ್ಲಿ ಅಕ್ಷರಗಳನ್ನು ಕೊರೆದು, ಹಿಂದೆ ಹಾಲುಬಣ್ಣದ ಅಕ್ರಿಲಿಕ್ ಇಟ್ಟು ಬೆಳಗಿಸುವ ಪದ್ಧತಿ ಉಂಟು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತೇನೆ.

ಈ ಬಗೆಗಳಲ್ಲಿ ಯಾವುದು ಚೆನ್ನ ಎಂಬುದನ್ನು ಬೋರ್ಡಿನವನ ಚಿತ್ರಪುಸ್ತಕ ನೋಡಿ ತೀರ್ಮಾನಿಸಲಾಗದು. ಆ ಪುಸ್ತಕದಲ್ಲಿ ಇರುವುದು ಬಹುಮಟ್ಟಿಗೆ ಇಂಗ್ಲಿಷ್ ಅಕ್ಷರ. ಇಂಗ್ಲಿಷಿನ ದೊಡ್ಡಕ್ಷರ ಒಂದೊಂದೂ ಒಂದೇ ತುಂಡು, ಎಲ್ಲವೂ ಒಂದೇ ಎತ್ತರ. ನಮ್ಮ ಅಕ್ಷರದ ಸಂಸಾರ ದೊಡ್ಡದು. ತಲೆಕಟ್ಟು, ಗುಡಿಸು, ಕೊಂಬು, ದೀರ್ಘ, ಒತ್ತು, ಅರ್ಕಾವತ್ತು ಎಂದು ಮೇಲೆ, ಕೆಳಗೆ, ಪಕ್ಕಕ್ಕೆ ಬಳಗ ಬೆಳೆಯುತ್ತದೆ. 'ಕ್ಷ್ಮಿ' ಎಂಬುದು ಎಣಿಕೆಗೆ ಒಂದಕ್ಷರ. ಆದರೆ ಬಿಡಿ ಅಕ್ಷರದ ಬೋರ್ಡಿನಲ್ಲಿ ಮೂಲಾಕ್ಷರಕ್ಕೆ ಒಂದು ಡಬ್ಬಿ, ಷಕಾರದ ಒತ್ತಿಗೆ ಒಂದು, ಮಕಾರದ ಒತ್ತಿಗೆ ಇನ್ನೊಂದು. ಪ್ರತಿಯೊಂದಕ್ಕೂ ಬೇರೆ ತಂತಿ, ಬೇರೆ ಬೆಸುಗೆ. ಮಳೆಗಾಲದಲ್ಲಿ ಒತ್ತಿನ ತಂತಿಯೊಂದು ಬಿಟ್ಟುಕೊಂಡಿತೋ, ಅನ್ನ ಹೋಗಿ ಅನ ಉಳಿಯುತ್ತದೆ, ಹಳ್ಳಿ ಹೋಗಿ ಹಳಿ ಉಳಿಯುತ್ತದೆ. ಆದುದರಿಂದ ಬೆಲೆ ಕೇಳುವಾಗ ಅಕ್ಷರ ಎಷ್ಟು ಎಂದು ಎಣಿಸಬೇಡಿ. ತುಂಡು ಎಷ್ಟು ಎಂದು ಎಣಿಸಿ.

ಇನ್ನೊಂದು ತೊಡಕುಂಟು. ಕತ್ತಲೆಯಲ್ಲಿ ಬೆಳಗುವ ವಸ್ತು ತನ್ನ ನಿಜವಾದ ಅಳತೆಗಿಂತ ದಪ್ಪವಾಗಿ ಕಾಣುತ್ತದೆ. ಬೆಳಕು ಅಂಚು ಮೀರಿ ಚೆಲ್ಲುತ್ತದೆ. ಇಂಗ್ಲಿಷಿನ ಅಗಲವಾದ ಅಕ್ಷರಕ್ಕೆ ಇದರಿಂದ ಅಷ್ಟು ಹಾನಿಯಿಲ್ಲ. ನಮ್ಮ ದುಂಡಕ್ಷರಗಳ ಒಳಗಿನ ಸಣ್ಣ ಬಿಡುವುಗಳು ಮಾತ್ರ ತುಂಬಿಹೋಗುತ್ತವೆ. ಆಗ ಪ, ಫ, ಷ ಮೂರೂ ಒಂದೇ ತಾಯ ಮಕ್ಕಳಂತೆ ಕಾಣುತ್ತವೆ; ಬ ಯಾವುದು ಭ ಯಾವುದು ತಿಳಿಯದು. ಇದಕ್ಕೆ ಎರಡು ಮದ್ದು. ತೀರ ದಪ್ಪನೆಯ ಅಕ್ಷರಜಾತಿಯನ್ನು ಆರಿಸಬೇಡಿ. ಒಳಬಿಡುವು ಧಾರಾಳವಾಗಿ, ಸೀಳು ಸ್ಪಷ್ಟವಾಗಿ ಇರುವುದನ್ನು ಆರಿಸಿ. ಮತ್ತೆ, ಬೆಳಕು ಹೆಚ್ಚಿದಷ್ಟೂ ಲೇಸು ಎಂಬ ಭ್ರಮೆ ಬಿಡಿ. ಕಣ್ಣು ಕೋರೈಸುವ ಬೋರ್ಡನ್ನು ಜನ ನೋಡುತ್ತಾರೆ, ಓದುವುದಿಲ್ಲ.

ಅಳತೆಯ ವಿಷಯದಲ್ಲಿ ಕಸುಬಿನವರ ಒಂದು ಲೆಕ್ಕವಿದೆ. ಸಲೀಸಾಗಿ ಓದಲು ಹತ್ತು ಅಡಿ ದೂರಕ್ಕೆ ಒಂದು ಅಂಗುಲ ಎತ್ತರದ ಅಕ್ಷರ ಬೇಕು. ಅರವತ್ತು ಅಡಿ ಆಚೆಯಿಂದ ಓದಬೇಕಾದರೆ ಆರಂಗುಲ. ಈ ಲೆಕ್ಕವೂ ಇಂಗ್ಲಿಷ್ ದೊಡ್ಡಕ್ಷರದ್ದು. ಕನ್ನಡದಲ್ಲಿ ಆ ಎತ್ತರವನ್ನು ಮೂಲಾಕ್ಷರಕ್ಕೆ ಮಾತ್ರ ಎಣಿಸಬೇಕು. ಗುಡಿಸು ಒತ್ತುಗಳ ಲೆಕ್ಕ ಬೇರೆ. ಒಂದೂವರೆ ಅಡಿ ಎತ್ತರದ ಬೋರ್ಡಿನಲ್ಲಿ ಮೇಲೆ ಗುಡಿಸಿಗೂ ಕೆಳಗೆ ಎರಡು ಒತ್ತಿಗೂ ಅಂಚಿಗೂ ಜಾಗ ಬಿಟ್ಟರೆ ಮೂಲಾಕ್ಷರಕ್ಕೆ ಉಳಿಯುವುದು ಸುಮಾರು ಅರ್ಧ. ಬೋರ್ಡು ದೊಡ್ಡದೆಂದು ಹಿಗ್ಗುವ ಮೊದಲು ಆ ಅರ್ಧವನ್ನು ಅಳೆದು ನೋಡಬೇಕು.

ಇಲ್ಲಿ ನನ್ನ ಪಂಡಿತಿಕೆ ಸ್ವಲ್ಪ ಉಪಯೋಗಕ್ಕೆ ಬಂತು. 'ಪ್ರಾವಿಜನ್ ಸ್ಟೋರ್ಸ್' ಎಂಬುದನ್ನು ಬರೆದು ನೋಡಿ. ಒತ್ತು, ಓತ್ವ, ದೀರ್ಘ, ಅರ್ಕಾವತ್ತು ಎಲ್ಲವೂ ಮುತ್ತಿಕೊಂಡಿವೆ. ಅದರ ಬದಲು 'ದಿನಸಿ ಅಂಗಡಿ' ಎಂದು ಬರೆಯಿರಿ. ಒಂದು ಒತ್ತೂ ಇಲ್ಲ! ಅದೇ ಜಾಗದಲ್ಲಿ ಅಕ್ಷರ ದೊಡ್ಡದಾಗುತ್ತದೆ, ತುಂಡುಗಳು ಕಡಿಮೆಯಾಗುತ್ತವೆ, ಖರ್ಚು ಇಳಿಯುತ್ತದೆ. ಭಾಷಾಭಿಮಾನದ ಮಾತು ಒತ್ತಟ್ಟಿಗಿರಲಿ, ಇದು ಬರಿಯ ಲೆಕ್ಕಾಚಾರ. ಇನ್ನು ಕಾನೂನಿನ ಮಾತು. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ 2024ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಕರ್ನಾಟಕದ ಅಂಗಡಿ ಮಳಿಗೆಗಳ ನಾಮಫಲಕದಲ್ಲಿ ಶೇಕಡ 60 ಭಾಗ ಕನ್ನಡವಿರಬೇಕು, ಕನ್ನಡ ಮೇಲುಗಡೆ ಇರಬೇಕು. ಕೆಲವರು ಇಂಗ್ಲಿಷನ್ನು ದೀಪದಲ್ಲಿ ಬರೆಯಿಸಿ, ಕನ್ನಡವನ್ನು ಬಣ್ಣದಲ್ಲಿ ಬರೆಯಿಸಿ ಬಿಡುತ್ತಾರೆ. ಹಗಲು ಇದ್ದ ಕನ್ನಡ ರಾತ್ರಿ ಮಾಯವಾಗುತ್ತದೆ. ನಾವು ಬರೆದ ಕನ್ನಡ ಓದುವವನಿಗೆ ಕಾಣಬೇಡವೆ?

ವಿದ್ಯುತ್ತಿನ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ. ಒಂದೊಂದು ವ್ಯಾಟಿನ ನೂರು ಎಲ್‌ಇಡಿ ತುಂಡುಗಳಿದ್ದರೆ ನೂರು ವ್ಯಾಟ್ ಆಯಿತು. ಸಂಜೆ ಐದು ಗಂಟೆ ಉರಿಸಿದರೆ ಅರ್ಧ ಯೂನಿಟ್; ತಿಂಗಳಿಗೆ ಹದಿನೈದು. ದೊಡ್ಡ ಹೊರೆಯೇನಲ್ಲ. ಆದರೆ ವಿದ್ಯುತ್ತನ್ನು 12 ವೋಲ್ಟಿಗೆ ಇಳಿಸುವ ಪೆಟ್ಟಿಗೆಯ ಮೇಲೆ ಅದರ ಶಕ್ತಿಯ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಭಾರ ಹಾಕಬಾರದು. ನೂರು ವ್ಯಾಟಿಗೆ 125 ವ್ಯಾಟಿನದಾದರೂ ಬೇಕು. ಆ ಪೆಟ್ಟಿಗೆ ಏಣಿಯಿಟ್ಟು ಕೈಗೆಟುಕುವ ಕಡೆ, ಮಳೆ ತಾಕದಂತೆ ಇರಲಿ. ಹೊರಗಿರುವ ಎಲ್‌ಇಡಿಗಳು ನೀರು ಹೊಗದಂಥವಾಗಿರಲಿ. ಒಳಗೆ ಸೇರಿದ ನೀರು ಇಳಿಯಲು ಪ್ರತಿ ಡಬ್ಬಿಯ ಕೆಳಗೆ ಸಣ್ಣ ರಂಧ್ರವಿರಲಿ. ಲೋಹದ ಬೋರ್ಡಿಗೆ ಭೂಸಂಪರ್ಕ ತಪ್ಪದೆ ಮಾಡಿಸಿ. ಅಕ್ಷರದ ಡಬ್ಬಿಯ ಆಳ ತೀರ ಕಡಿಮೆಯಾದರೆ ಮುಖದ ಮೇಲೆ ಚುಕ್ಕಿ ಚುಕ್ಕಿಯಾಗಿ ದೀಪ ಕಾಣುತ್ತದೆ. ಅದನ್ನೂ ಮೊದಲೇ ಕೇಳಿ. ಅಂಗಡಿ ಮುಚ್ಚಿದ ಮೇಲೆ ದೀಪ ಆರಿಸಿ. ಎದುರು ಮಹಡಿಯ ಮನೆಯಲ್ಲಿ ಮಲಗುವವರು ನಿಮ್ಮ ಗಿರಾಕಿಗಳೇ ಅಲ್ಲವೆ?

ಎಲ್ಲಕ್ಕಿಂತ ಮುಖ್ಯವಾದದ್ದು ಪರೀಕ್ಷೆ. ದುಡ್ಡು ಕೊಡುವ ಮೊದಲು ಹೆಸರನ್ನು ನಿಜವಾದ ಅಳತೆಯಲ್ಲಿಯೇ ಕಾಗದದ ಮೇಲೆ ತೆಗೆಸಿ, ಬೋರ್ಡು ಬರಬೇಕಾದ ಜಾಗದಲ್ಲಿ ತೂಗುಹಾಕಿ. ಬೀದಿಯ ಆಚೆಗೆ ನಿಂತು, ಹೆಸರು ಮೊದಲೇ ತಿಳಿಯದವರಿಂದ ಓದಿಸಿ. ಬೋರ್ಡು ಸಿದ್ಧವಾದ ಮೇಲೆ ಗೋಡೆಗೆ ಏರಿಸುವ ಮೊದಲು, ಮಾಡಿದವರ ಕಾರ್ಖಾನೆಯಲ್ಲಿಯೇ ಕತ್ತಲೆ ಮಾಡಿಸಿ, ಉರಿಸಿ ನೋಡಿ. ಪ್ರತಿಯೊಂದು ಒತ್ತು, ಪ್ರತಿಯೊಂದು ಸೀಳು ಹೊತ್ತಿದೆಯೆ ಎಂದು ಬೆರಳಿಟ್ಟು ಎಣಿಸಿ. ಬಾಕಿ ಹಣ ಅದಾದ ಮೇಲೆ.

ನನ್ನ ಶಿಷ್ಯನ ಕಥೆ ಏನಾಯಿತು ಎಂದು ಹೇಳಿ ಮುಗಿಸುತ್ತೇನೆ. ಬಿಡಿ ಅಕ್ಷರಗಳನ್ನು ಇಳಿಸಿ, ಆಗ ನೆನಪಿಟ್ಟುಕೊಳ್ಳಿರೆಂದೆನಲ್ಲ, ಆ ಕೊರೆದ ಹಾಳೆಯ ಪೆಟ್ಟಿಗೆ ಮಾಡಿಸಿದೆವು. ಕಪ್ಪು ಹಾಳೆ, ಒಳಗಿನಿಂದ ಹದವಾದ ಬಿಳಿ ಬೆಳಕು. ಎಲ್ಲದಕ್ಕೂ ಒಂದೇ ದೀಪವಾದ್ದರಿಂದ ಒತ್ತಿಗೆ ಬೇರೆ ತಂತಿ ಬೇಕಿಲ್ಲ; ಕೊರೆಯಲು ಬರುವಷ್ಟು ಸಣ್ಣ ಸೀಳೂ ಬೆಳಗುತ್ತದೆ. ಅಕ್ಷರದ ಒಳಗಿನ ಬಿಡಿ ತುಂಡುಗಳನ್ನು ಹಿಂದಿನ ಅಕ್ರಿಲಿಕ್ಕಿಗೆ ಅಂಟಿಸಿದರು. ಕೆಂಪು ಎಲ್‌ಇಡಿಗಳನ್ನು ಬಿಟ್ಟು ಹಳೆಯ ಸಾಮಾನಿನಲ್ಲಿ ಆದಷ್ಟನ್ನು ಮತ್ತೆ ಬಳಸಿದರು. ಧಕಾರದ ಸೀಳನ್ನು ನಾನೇ ಕಾಗದದ ಮೇಲೆ ಬರೆದುಕೊಟ್ಟೆ, ಒಂದಿಷ್ಟು ಉದ್ದವಾಗಿಯೇ.

ಮೊದಲ ದಿನ ಬೀದಿಯ ಆಚೆ ನಿಂತು ಓದಿದವರು ಅವನ ತಾಯಿ. ಆಕೆ ವಯಸ್ಕರ ಶಿಕ್ಷಣದ ತರಗತಿಯಲ್ಲಿ ಅಕ್ಷರ ಕಲಿತವರು. ಇಂದಿಗೂ ಒಂದೊಂದೇ ಅಕ್ಷರ ಕೂಡಿಸಿ ಓದುತ್ತಾರೆ. ಬೋರ್ಡಿಗೆ ಅವರಿಗಿಂತ ಒಳ್ಳೆಯ ಪರೀಕ್ಷಕರು ಸಿಕ್ಕುವುದಿಲ್ಲ. ಧ, ನ, ಲ ಎಂದು ಓದಿ, ಕೊನೆಯ ಅಕ್ಷರದ ಹತ್ತಿರ ಸ್ವಲ್ಪ ನಿಂತು, ಕ್ಷ್ಮಿ ಎಂದರು. ಆಮೇಲೆ ಮಗನ ಕಡೆ ತಿರುಗಿ, "ದಿನಾ ಹಾಕಪ್ಪ, ದೀಪ" ಎಂದರು. ಹುಡುಗರು ಈಗ ಆ ಅಂಗಡಿಯ ಮುಂದೆ ಸದ್ದಿಲ್ಲದೆ ಹಾದುಹೋಗುತ್ತಾರೆ.