ಸಭೆಯ ಮೊದಲ ಹತ್ತು ನಿಮಿಷ
(ಕಾರ್ಯಕರ್ತರ ಶಿಬಿರದಲ್ಲಿ ಮಾಡಿದ ಉಪನ್ಯಾಸ)

 

ನೀವು ಊರೂರಲ್ಲಿ ಸಭೆ ನಡೆಸುವವರು. ನಾಲ್ಕೇ ಜನ ಮಾತಾಡುತ್ತಾರೆ, ಉಳಿದವರು ಚಹಾ ಕುಡಿದು ಹೋಗುತ್ತಾರೆ ಎಂಬುದು ನಿಮ್ಮ ದೂರು. ನೀರಾವರಿ ಇಲಾಖೆಯಲ್ಲಿದ್ದಾಗ ನನ್ನ ದೂರೂ ಅದೇ ಆಗಿತ್ತು.

ನೀರು ಬಳಕೆದಾರರ ಸಂಘಗಳ ಸಭೆ ನಡೆಸಲು ನಮಗೊಂದು ತರಬೇತಿ ಕೊಟ್ಟಿದ್ದರು. ಸೇರಿದವರ ಸಂಕೋಚ ಬಿಡಿಸುವ ಚಟುವಟಿಕೆಗೆ ಅಲ್ಲಿ 'ಐಸ್ ಬ್ರೇಕರ್' ಎನ್ನುತ್ತಿದ್ದರು. ಕಲಿತದ್ದನ್ನು ಒಂದು ಹಳ್ಳಿಯಲ್ಲಿ ಪ್ರಯೋಗಿಸಿದೆ. ಚೆಂಡು ಎಸೆಯುವುದು, ಹಿಡಿದವರು ಎದ್ದು ತಮ್ಮ ಇಷ್ಟದ ಸಿನಿಮಾ ಹೇಳುವುದು. ಹುಡುಗರು ನಕ್ಕರು. ಹೆಣ್ಣುಮಕ್ಕಳು ನಾಚಿ ತಲೆ ತಗ್ಗಿಸಿದರು. ಹಿರಿಯರೊಬ್ಬರು, "ಸಾಹೇಬ್ರ, ನೀರಿನ ಮಾತಾಡ್ತೀರೋ, ಚೆಂಡಾಟ ಆಡಸ್ತೀರೋ?" ಎಂದು ಎದ್ದು ಹೋದರು. ತಪ್ಪು ನನ್ನದೇ.

ಮುಂದಿನ ಸಭೆಯಲ್ಲಿ ನನ್ನ ಕುರ್ಚಿ ತೆಗೆಸಿದೆ. ಎಲ್ಲರೂ ಜಮಖಾನೆಯ ಮೇಲೆ ಸುತ್ತಲೂ ಕುಳಿತೆವು. ಕೇಳಿದ್ದು ಎರಡೇ: ನಿಮ್ಮ ಹೆಸರು, ಈ ಸಲ ನಿಮ್ಮ ಹೊಲಕ್ಕೆ ನೀರು ಬಂದ ದಿನ. ಕಾಲುವೆಯ ಕೊನೆ ಭಾಗದವರಿಂದ ಶುರು ಮಾಡಿದೆ. ಎಂದೂ ಬಾಯಿ ಬಿಡದ ತಾಯಿಯೊಬ್ಬರು, "ನಮಗ ಇನ್ನೂ ಬಂದಿಲ್ರೀ" ಎಂದರು. ಪಕ್ಕದವರೂ ಅದನ್ನೇ ಹೇಳಿದರು. ಐದಾರು ಮಂದಿ ಹೇಳುವಷ್ಟರಲ್ಲಿ ಮೇಲ್ಭಾಗದ ರೈತರು ಮೌನವಾದರು. ಯಾರೂ ಯಾರನ್ನೂ ಬೈದಿರಲಿಲ್ಲ. ನೀರಿನ ಪಾಳಿಯ ಮಾತು ಅಂದೇ ಆರಂಭವಾಯಿತು.

ಆ ಎರಡು ಸಭೆಗಳಿಂದ ನಾನು ಕಲಿತದ್ದು ಇಷ್ಟು. ಮೊದಲ ಪ್ರಶ್ನೆ ಸಭೆಯ ಉದ್ದೇಶಕ್ಕೆ ಸೇರಿದ್ದಾಗಿರಲಿ. ಪ್ರತಿಯೊಬ್ಬರಿಗೂ ಉತ್ತರ ಗೊತ್ತಿರುವಂಥದ್ದಾಗಿರಲಿ. ಓದು, ಸಂಬಳ, ಜಾತಿ ಕೆದಕುವ ಪ್ರಶ್ನೆ ಬೇಡ. ಸದಾ ಮಾತಾಡುವವರ ಸರದಿ ಕೊನೆಗೆ ಬರಲಿ. ಒಬ್ಬರಿಗೆ ಅರ್ಧ ನಿಮಿಷವೆಂದರೆ 20 ಜನರಿಗೆ 10 ನಿಮಿಷ ಸಾಕು. ಜನ ಹೆಚ್ಚಿದ್ದರೆ ಇಬ್ಬಿಬ್ಬರು ತಮ್ಮಲ್ಲೇ ಮಾತಾಡಿಕೊಳ್ಳಲಿ. "ಈಗ ಬೇಡ" ಎಂದವರನ್ನು ಒತ್ತಾಯಿಸಬೇಡಿ, ಆದರೆ ಕೊನೆಯಲ್ಲಿ ಇನ್ನೊಮ್ಮೆ ಕೇಳಿ. ಹೇಳಿದ್ದನ್ನು ಬರೆದುಕೊಂಡು ಅಲ್ಲಿಂದಲೇ ಚರ್ಚೆ ಎತ್ತಿಕೊಳ್ಳಿ. ಇಲ್ಲದಿದ್ದರೆ ಅದು ಬರೀ ಆಟ.

ಇದು ನಮಗೆ ಹೊಸದೇನಲ್ಲ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ ಎಂದು ಕಾಯಕದೊಂದಿಗೇ ಹೆಸರು ಹೇಳಿಸಿಕೊಂಡ ಶರಣರ ಪರಂಪರೆ ನಮ್ಮದು. ನಮ್ಮ ಸಭೆಯಲ್ಲಿ ಕೊನೆಯ ಸಾಲಿನ ತಾಯಿಯ ದನಿ ಕೇಳದಿದ್ದರೆ, ಅನುಭವ ಮಂಟಪದ ಹೆಸರು ಹೇಳಿ ಏನು ಫಲ?

ನಿಮ್ಮಲ್ಲಿ ಒಂದೇ ಬಿನ್ನಹ. ಮುಂದಿನ ಸಭೆ ಮುಗಿದಾಗ ಯಾರು ಮಾತಾಡಲಿಲ್ಲ ಎಂದು ಬರೆದಿಡಿ. ಅದರ ಮುಂದಿನ ಸಭೆಯನ್ನು ಅವರಿಂದಲೇ ಆರಂಭಿಸಿ.